ಬಾಲವಾಡಿ ಗುಣಮಟ್ಟದ ಇಪ್ಪತ್ತೇಳನೆಯ ಕಾಲಂ

ಸುತ್ತೋಲೆ ಸಂಖ್ಯೆ: ಬಾವಾ/ಕ/ಗುಮ/೨೭/೮೬
ಹೈದರಾಬಾದು, ದಿನಾಂಕ ೪-೮-೧೯೮೬

(ಇಲಾಖೆಯ ಹೆಸರನ್ನು ಮೇಲಿನ ರಬ್ಬರ್ ಮೊಹರಿನಲ್ಲಿ ಓದಿಕೊಳ್ಳತಕ್ಕದ್ದು. ಮೊಹರು ಮೂಡದಿದ್ದಲ್ಲಿ, ಯಾವ ಇಲಾಖೆ ಎಂಬುದು ತಮಗೆ ಗೊತ್ತೇ ಇದೆ ಎಂದು ಭಾವಿಸಲಾಗುವುದು.)

ವಿಷಯ: ಸರ್ಕಾರಿ ಅನುದಾನದ ಕನ್ನಡ ಬಾಲವಾಡಿಗಳ ತರಗತಿ ಕೋಣೆಗಳಿಗೆ ಗುಣಮಟ್ಟ ನಿಗದಿಪಡಿಸುವ ಬಗ್ಗೆ.

ಉಲ್ಲೇಖ:
(ಅ) ನಮೂನೆ ಗು-೯, ಒಟ್ಟು ನಲವತ್ತೊಂದು ಕಾಲಂ.
(ಆ) ನಾರಾಯಣಗೂಡದ ಟಾಂಗಾ ಗಲ್ಲಿ ಬಾಲವಾಡಿಯ ತಪಾಸಣಾ ವರದಿ, ದಿನಾಂಕ ೧೭-೭-೮೬, ಎಣ್ಣೆಯ ಕಲೆ ಸಹಿತ.
(ಇ) ಶ್ರೀಮತಿ ತುಳಸಾಬಾಯಿಯವರ ಮೌಖಿಕ ಅಭಿಪ್ರಾಯ, ಅದೇ ದಿನ ಸಂಜೆ, ತುಳಸಿಕಟ್ಟೆಯ ಮುಂದೆ.

ಪೀಠಿಕೆ

ಬಾಲವಾಡಿ ಎಂದರೆ ಏನು, ಅದು ಹೇಗಿದ್ದರೆ ಒಳ್ಳೆಯದು ಎಂಬುದನ್ನು, ಹನ್ನೊಂದು ವರ್ಷ ಬಾಲವಾಡಿಗಳನ್ನು ನಡೆಸಿದ ಮೇಲೆ, ಇಲಾಖೆಯು ಈ ವರ್ಷ ಯೋಚಿಸತೊಡಗಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರು ಬೇರೆ. ಈ ಇಲಾಖೆಯು ಕೂಸಿಗೆ ಮದುವೆ ಗೊತ್ತಾದ ಮೇಲೆ ಕುಲಾವಿಯ ಅಳತೆ ತೆಗೆದಿದೆ.

ಅಳತೆಯ ಹೆಸರು ನಮೂನೆ ಗು-೯. ನೂರಕ್ಕೆ ಅರವತ್ತು ಅಂಕ ಬಾರದ ಬಾಲವಾಡಿಯನ್ನು ಮುಚ್ಚಿ, ಮಕ್ಕಳನ್ನು ಹತ್ತಿರದ ಬಾಲವಾಡಿಗೆ ಸೇರಿಸತಕ್ಕದ್ದೆಂದೂ, ಯಾವುದೇ ಒಂದು ಕಾಲಂ ಖಾಲಿ ಉಳಿದರೆ ಇಡೀ ನಮೂನೆಗೆ ಸೊನ್ನೆ ಎಂದೂ ಮೇಲಿನಿಂದ ಆದೇಶವಾಗಿತ್ತು. ಟಾಂಗಾ ಗಲ್ಲಿಯ ಬಾಲವಾಡಿಯಲ್ಲಿ ಮೂವತ್ತೊಂದು ಮಕ್ಕಳಿದ್ದಾರೆ. ಅವರಿಗೆ ಹತ್ತಿರದ ಬಾಲವಾಡಿ ಇರುವುದು ದೊಡ್ಡ ರಸ್ತೆಯ ಆಚೆ. ಮೂರು ನಾಲ್ಕು ವರ್ಷದ ಕಾಲುಗಳು ಡಬಲ್ ಡೆಕ್ಕರ್ ಬಸ್ಸು ಓಡುವ ರಸ್ತೆಯನ್ನು ದಾಟಿ ಅಲ್ಲಿಗೆ ಹೋಗುವುದಿಲ್ಲ, ಮನೆಯಲ್ಲೇ ಉಳಿದುಬಿಡುತ್ತವೆ ಎಂದು ಶಿಕ್ಷಕಿ ಸುಹಾಸಿನಿಯವರು ಮೂರು ಸಲ ಬರೆದುಕೊಂಡಿದ್ದರು. ಇಲಾಖೆಯ ನಕ್ಷೆಯಲ್ಲಿ ಆ ರಸ್ತೆಯು ಒಂದು ಗೆರೆಯಷ್ಟೇ ಅಗಲವಿರುವುದರಿಂದ ಅವರ ಮಾತನ್ನು ಒಪ್ಪಲಾಗಿರಲಿಲ್ಲ.

ತಪಾಸಣೆಗೆ ನೇಮಕವಾದವರು ಅಧೀಕ್ಷಕರಾದ ಪ್ರಹ್ಲಾದರಾಯರು. ಇಲಾಖೆಯ ಅಧಿಕಾರಿಗಳಲ್ಲಿ ಕನ್ನಡ ಓದಬಲ್ಲವರು ಇವರೊಬ್ಬರೇ. ಆದ್ದರಿಂದ ಪ್ರಸ್ತುತ ಸುತ್ತೋಲೆಯ ಕರಡು ಬರೆದವರು, ತಿದ್ದಿದವರು, ಒಪ್ಪಿದವರು ಕೂಡ ಇವರೊಬ್ಬರೇ. ಹಾಗೆಂದ ಮಾತ್ರಕ್ಕೆ ಕರಡಿನ ಬಗ್ಗೆ ಭಿನ್ನಾಭಿಪ್ರಾಯ ಬರಲಿಲ್ಲವೆಂದು ತಿಳಿಯಬಾರದು.

ರಾಯರ ಮನೆತನದಲ್ಲಿ ನಿಜಾಮರ ಕಾಲದಿಂದ ಮೂರು ತಲೆಮಾರು ಸರ್ಕಾರಿ ನೌಕರಿ, ಮೂರು ತಲೆಮಾರು ಏಕಾದಶಿಯ ಉಪವಾಸ. ಎರಡರಲ್ಲಿಯೂ ಒಂದು ದಿನ ತಪ್ಪಿದ ದಾಖಲೆಯಿಲ್ಲ. ಜುಲೈ ಹದಿನೇಳು ಆಷಾಢದ ಪ್ರಥಮ ಏಕಾದಶಿ. ರಾಯರು ಐಚ್ಛಿಕ ರಜೆಗೆ ಅರ್ಜಿ ಹಾಕಿದ್ದರು. ಸದರಿ ಅರ್ಜಿಯು ಇಂದಿಗೂ ಪರಿಶೀಲನೆಯಲ್ಲಿದೆ. ಹೀಗಾಗಿ ಅವರು ಬೆಳಿಗ್ಗೆ ಮಠಕ್ಕೆ ಹೋಗಿ, ಎರಡೂ ತೋಳಿಗೆ ಕಾಸಿದ ಶಂಖಚಕ್ರದ ಮುದ್ರೆ ಹಾಕಿಸಿಕೊಂಡು, ತೊಟ್ಟು ನೀರೂ ಕುಡಿಯದೆ, ಬಗಲಲ್ಲಿ ನಮೂನೆ ಗು-೯ ಇಟ್ಟುಕೊಂಡು ಟಾಂಗಾ ಗಲ್ಲಿಗೆ ನಡೆದರು. ಆ ದಿನ ಇಡೀ ಇಲಾಖೆಯಲ್ಲಿ ಸ್ಪಷ್ಟವಾಗಿ ಮೂಡಿದ ಮುದ್ರೆಯೆಂದರೆ ರಾಯರ ತೋಳಿನ ಮೇಲಿನದೊಂದೇ.

ಅಲ್ಲಿ ನಡೆದದ್ದನ್ನೆಲ್ಲ ಅವಲೋಕಿಸಿ, ಎಲ್ಲ ಕನ್ನಡ ಬಾಲವಾಡಿಗಳಿಗೂ ಅನ್ವಯಿಸುವಂತೆ ಕೆಳಕಂಡ ಗುಣಮಟ್ಟವನ್ನು ನಿಗದಿಪಡಿಸಿ ಆದೇಶಿಸಲಾಗಿದೆ.

೧. ಬೆಳಕು: ಕೋಣೆಯಲ್ಲಿ ಸಾಕಷ್ಟು ಬೆಳಕಿರತಕ್ಕದ್ದು. ಸಾಕಷ್ಟು ಎಂದರೆ, ಅಧಿಕಾರಿಯು ಕೋಣೆಯ ನಡುವೆ ನಿಂತು ನಮೂನೆಯ ಅಡಿಟಿಪ್ಪಣಿಯನ್ನು ಓದಲಿಕ್ಕಾಗುವಷ್ಟು. ಓದಲಾಗದಿದ್ದಲ್ಲಿ ಮೊದಲು ಅಧಿಕಾರಿಯ ಚಷ್ಮಾ ಒರೆಸಿ, ಆಮೇಲೆ ಕಿಟಕಿಯ ಮೇಲೆ ಆಕ್ಷೇಪಣೆ ಬರೆಯತಕ್ಕದ್ದು. ಟಾಂಗಾ ಗಲ್ಲಿಯ ಕೋಣೆಯಲ್ಲಿ ಹಿಂದೆ ಕುದುರೆ ಕಟ್ಟುತ್ತಿದ್ದರು. ಕಿಟಕಿ ಇರುವುದು ಕುದುರೆಯ ಕತ್ತಿನ ಎತ್ತರಕ್ಕೆ. ಮಕ್ಕಳಿಗೂ ಗಲ್ಲಿ ಕಾಣಲೆಂದು ಸುಹಾಸಿನಿಯವರು ಅದರ ಕೆಳಗೆ ಇಟ್ಟಿಗೆ ಜೋಡಿಸಿ ಕಟ್ಟೆ ಮಾಡಿಸಿದ್ದಾರೆ. ಕಟ್ಟೆಯ ಮೇಲೆ ಒಂದು ಸಲಕ್ಕೆ ನಾಲ್ವರು ನಿಲ್ಲಬಹುದು. ಉಳಿದ ಇಪ್ಪತ್ತೇಳು ಮಂದಿ ಆ ನಾಲ್ವರ ಅಂಗಿ ಹಿಡಿದು ಎಳೆಯಬಹುದು. ಇದನ್ನು ಸರದಿ ಪದ್ಧತಿ ಎಂದು ಪರಿಗಣಿಸಲಾಗಿದೆ.

೨. ಚಿತ್ರಪಟಗಳು: ಗೋಡೆಯ ಮೇಲಿನ ಪ್ರಾಣಿಗಳು ಮಕ್ಕಳ ಕೈಗೆ ಎಟುಕುವಂತಿರಬೇಕು. ಟಾಂಗಾ ಗಲ್ಲಿಯ ಆನೆಗೆ ಸೊಂಡಿಲಿಲ್ಲ. ದಿನವೂ ಮೂವತ್ತೊಂದು ಕೈ ಸವರಿ ಸವರಿ ಅದು ಅಳಿಸಿಹೋಗಿದೆ. ರಾಯರು ಮೊದಲು ಇದಕ್ಕೆ ಎರಡು ಅಂಕ ಕಡಿಮೆ ಮಾಡಿದ್ದರು. ಆಮೇಲೆ ಬೇರೊಂದು ಬಾಲವಾಡಿಯಲ್ಲಿ ಸೂರಿನ ಹತ್ತಿರ ಮೊಳೆ ಹೊಡೆದಿದ್ದ, ಹೊಚ್ಚ ಹೊಸದಾಗಿದ್ದ, ಯಾರೂ ಮುಟ್ಟದ ಆನೆಯೊಂದು ಅವರ ನೆನಪಿಗೆ ಬಂತು. ಬರೆದದ್ದನ್ನು ಹೊಡೆದುಹಾಕಿ ನಾಲ್ಕು ಅಂಕ ಹೆಚ್ಚು ಕೊಟ್ಟರು. ಇನ್ನು ಮುಂದೆ ಪ್ರತಿ ಬಾಲವಾಡಿಯ ಆನೆಯ ಸೊಂಡಿಲು ವರ್ಷಕ್ಕೆ ಕನಿಷ್ಠ ಒಂದಂಗುಲ ಸವೆಯತಕ್ಕದ್ದು. ಕಚೇರಿಯ ಸಿಬ್ಬಂದಿ ಬಂದು ಕೃತಕವಾಗಿ ಸವರುವುದನ್ನು ನಿಷೇಧಿಸಲಾಗಿದೆ.

೩. ಆಟಿಕೆಗಳು: ಸರ್ಕಾರಿ ಆಟಿಕೆ ಒಡೆದರೆ ಲೆಕ್ಕ ತನಿಖೆಯವರು ಕೇಳುತ್ತಾರೆ. ಕೇಳಬಾರದೆಂದು ಬಾಲವಾಡಿಗಳವರು ಆಟಿಕೆಯ ಪೆಟ್ಟಿಗೆಗೆ ಬೀಗ ಹಾಕಿ, ಮಕ್ಕಳಿಗೆ ಪೆಟ್ಟಿಗೆಯನ್ನು ಮಾತ್ರ ತೋರಿಸುವ ರೂಢಿಯಿದೆ. ಟಾಂಗಾ ಗಲ್ಲಿಯಲ್ಲಿ ಪೆಟ್ಟಿಗೆ ತೆರೆದಿತ್ತು. ಚಕ್ರವಿಲ್ಲದ ಲಾರಿ ಒಂದು, ತಲೆಯಿಲ್ಲದ ಬೊಂಬೆ ಎರಡು ಸಿಕ್ಕವು. ಬೊಂಬೆಯ ತಲೆಯನ್ನು ಲಾರಿಯಲ್ಲಿ ಹಾಕಿ ದವಾಖಾನೆಗೆ ಒಯ್ಯುವ ಕೆಲಸ ನಡೆದಿತ್ತು. ಆದಕಾರಣ ಪ್ರತಿ ಬಾಲವಾಡಿಯಲ್ಲಿ ಒಡೆದ ಆಟಿಕೆಗಳು ಮೂರಕ್ಕೆ ಕಡಿಮೆಯಿಲ್ಲದಂತೆ ಇರತಕ್ಕದ್ದು. ಒಂದೂ ಒಡೆಯದೆ ಉಳಿದಿದ್ದರೆ ಶಿಕ್ಷಕಿಯು ಲಿಖಿತ ವಿವರಣೆ ಸಲ್ಲಿಸಬೇಕು.

೪. ಮೂಗು: ಮೂವತ್ತೊಂದು ಮಕ್ಕಳಿಗೆ ಇಲಾಖೆಯು ಎರಡು ಕರವಸ್ತ್ರ ಮಂಜೂರು ಮಾಡಿದೆ. ಕೊರತೆಯನ್ನು ಸುಹಾಸಿನಿಯವರ ಸೆರಗಿನಿಂದ ತುಂಬಲಾಗುತ್ತಿದೆ. ಸೆರಗು ಸರ್ಕಾರಿ ಆಸ್ತಿಯಲ್ಲವಾದರೂ ಸರ್ಕಾರಿ ಕಾರ್ಯದಲ್ಲಿರುವುದರಿಂದ, ಕರ್ತವ್ಯದ ವೇಳೆಯಲ್ಲಿ ಅದನ್ನು ಕಚೇರಿಯ ಸಾಮಗ್ರಿ ಎಂದು ಭಾವಿಸಲಾಗುವುದು.

೫. ಅಳು ಮತ್ತು ಭಾಷೆ: ಹೊಸದಾಗಿ ಸೇರಿದ ಮಗುವಿಗೆ ಹದಿನೈದು ದಿನ ಅಳುವ ಹಕ್ಕಿದೆ. ಒಂದು ಮಗು ಅತ್ತರೆ ಉಳಿದವರೂ ಕಾರಣ ಕೇಳದೆ ಅಳುವುದು ಕಂಡುಬಂದಿದೆ. ಇದನ್ನು ಸಂಘಟಿತ ಮುಷ್ಕರ ಎಂದು ನಮೂದಿಸತಕ್ಕದ್ದಲ್ಲ. ಈ ಮಕ್ಕಳು ಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ತೆಲುಗು, ತರಕಾರಿ ಬಂಡಿಯ ಮುಂದೆ ಹಿಂದಿ ಆಡುತ್ತಾರೆ. ಬಾಲವಾಡಿ ಕನ್ನಡದ್ದೇ ಆದರೂ, ನೀರು ಕೇಳಿದ ಮಗುವಿಗೆ ನೀರು ಯಾವ ಭಾಷೆಯಲ್ಲಿ ಕೇಳಿದರೂ ಕೊಡತಕ್ಕದ್ದು. ಅನುವಾದಕ್ಕಾಗಿ ಕಾಯಬಾರದು.

೬. ಅಧಿಕಾರಿಯ ಆಸನ: ತಪಾಸಣೆಗೆ ಬಂದ ಅಧಿಕಾರಿಗೆ ಕುರ್ಚಿ ಕೊಡತಕ್ಕದ್ದಲ್ಲ. ಚಾಪೆಯ ಮೇಲೆ ಕೂತರೆ ಮಾತ್ರ ಮಕ್ಕಳಿಗೆ ಕಾಣುವುದೆಲ್ಲ ಅಧಿಕಾರಿಗೂ ಕಾಣುತ್ತದೆ. ರಾಯರಿಗೆ ಐವತ್ತನಾಲ್ಕು ವರ್ಷ, ಮಂಡಿನೋವು ಬೇರೆ. ಕೂತರು. ಕೂತ ಅಧಿಕಾರಿಯನ್ನು ಎಬ್ಬಿಸಿ ನಿಲ್ಲಿಸುವ ಜವಾಬ್ದಾರಿ ಆಯಾ ಅವರದು. ಟಾಂಗಾ ಗಲ್ಲಿಯ ಆಯಾ ಅಂಬವ್ವ ಈ ಕೆಲಸವನ್ನು ಒಂದೇ ಕೈಯಲ್ಲಿ ನಿರ್ವಹಿಸಿದ್ದಾರೆ. ಇನ್ನೊಂದು ಕೈಯಲ್ಲಿ ಸೌಟು ಇತ್ತು.

೭. ಇಪ್ಪತ್ತೇಳನೆಯ ಕಾಲಂ: ಇದನ್ನು ಎಲ್ಲರೂ ಗಮನವಿಟ್ಟು ಓದತಕ್ಕದ್ದು. ಸದರಿ ಕಾಲಂ ಹೀಗಿದೆ: "ಮಕ್ಕಳಿಗೆ ನೀಡುವ ಆಹಾರವನ್ನು ತಪಾಸಣಾಧಿಕಾರಿಯು ಸ್ವತಃ ತಿಂದು ನೋಡಿ ಸಹಿ ಮಾಡತಕ್ಕದ್ದು. ಪ್ರತಿನಿಧಿಯ ಮೂಲಕ ತಿನ್ನುವುದು ಸಲ್ಲದು." ಹಿಂದೆ ಕೆಲವರು ಜವಾನರಿಂದ ತಿನ್ನಿಸಿ ತಾವು ಸಹಿ ಹಾಕಿದ್ದರಿಂದ ಎರಡನೆಯ ವಾಕ್ಯ ಸೇರಿತು.

ಹನ್ನೊಂದೂವರೆಗೆ ಗೋಧಿ ನುಚ್ಚಿನ ಉಪ್ಪಿಟ್ಟು ಬಂತು. ಸಾಸಿವೆ, ಹಸಿಮೆಣಸಿನಕಾಯಿ, ಕರಿಬೇವು ಹಾಕಿದ ಒಗ್ಗರಣೆ. ಅದರ ವಾಸನೆ ಬೆಳಗಿನಿಂದ ನೀರೂ ಕುಡಿಯದ ಮನುಷ್ಯನ ಮೂಗಿಗೆ ಏನು ಮಾಡಿತೆಂಬುದನ್ನು ನಮೂದಿಸಲು ನಮೂನೆಯಲ್ಲಿ ಕಾಲಂ ಇಲ್ಲ. ಆಗ ನಡೆದ ಮಾತುಕತೆಯನ್ನು ದಾಖಲೆಗಾಗಿ ಇದ್ದಂತೆಯೇ ಕೆಳಗೆ ಕೊಡಲಾಗಿದೆ.

ರಾಯರು: "ಇವತ್ತು ಏಕಾದಶಿ ಅದವ್ವಾ. ನಾ ಏನೂ ಮುಟ್ಟಂಗಿಲ್ಲ. ನಾಳೆ ಬಂದು ತಿಂತೀನಿ."

ಸುಹಾಸಿನಿ: "ನಾಳೆ ಹತ್ತೂವರೆಗೆ ಫಾರ್ಮ್ ಕೊಡಬೇಕಲ್ರೀ ಸರ್. ನಮಗ ನುಚ್ಚು ಬರೋದೇ ಹತ್ತೂವರೆಗೆ."

ಅಂಬವ್ವ: "ನಾ ತಿಂದು ಹೇಳ್ತೀನಿ ತಗೋರಿ ಸಾಹೇಬ್ರ. ಭಾಳ ಛಲೋ ಆಗೈತಿ. ಬರಕೊಂಡು ಸಹಿ ಹಾಕ್ರಿ, ಯಾರ್ ನೋಡಾಕ ಬರ್ತಾರ?"

ರಾಯರು: "ಇಪ್ಪತ್ತೊಂಬತ್ತು ವರ್ಷದಾಗ ಸುಳ್ಳು ಸಹಿ ಹಾಕಿಲ್ಲವ್ವಾ."

ಉಳಿದ ನಲವತ್ತು ಕಾಲಂಗಳಲ್ಲಿ ಟಾಂಗಾ ಗಲ್ಲಿಗೆ ಎಪ್ಪತ್ತಮೂರು ಅಂಕ ಬಂದಿತ್ತು. ಇಪ್ಪತ್ತೇಳು ಖಾಲಿ ಉಳಿದರೆ ಎಪ್ಪತ್ತಮೂರೂ ಸೊನ್ನೆ, ಸೋಮವಾರದಿಂದ ಬಾಗಿಲಿಗೆ ಬೀಗ. ಸುಹಾಸಿನಿಯವರು ತಿರುಗಿ ನಿಂತು ಮಕ್ಕಳಿಗೆ ಬಡಿಸತೊಡಗಿದರು. ಆ ಹೊತ್ತಿನಲ್ಲಿ ಸೆರಗನ್ನು ಯಾರ ಕಣ್ಣಿಗೆ ಉಪಯೋಗಿಸಲಾಯಿತು ಎಂಬುದನ್ನು ರಾಯರು ನೋಡಿಯೂ ಬರೆಯಲಿಲ್ಲ.

೮. ವಿಶ್ರಾಂತಿ: ಊಟವಾದ ಮೇಲೆ ಮಕ್ಕಳು ಒಂದು ಗಂಟೆ ಮಲಗತಕ್ಕದ್ದು. ಮಲಗಿದವರು ನಿಜಕ್ಕೂ ಮಲಗಿದ್ದಾರೆಯೇ ಎಂದು ಅಧಿಕಾರಿಯು ಖಾತ್ರಿ ಮಾಡಿಕೊಳ್ಳತಕ್ಕದ್ದು. ರಾಯರು ಖಾತ್ರಿ ಮಾಡಿಕೊಳ್ಳಲು ಗೋಡೆಗೆ ಒರಗಿದರು. ಹೊಟ್ಟೆಯಲ್ಲಿ ಉಪವಾಸ, ಮನಸ್ಸಿನಲ್ಲಿ ಇಪ್ಪತ್ತೇಳನೆಯ ಕಾಲಂ, ಸುತ್ತಲೂ ಮೂವತ್ತು ಮಕ್ಕಳ ಉಸಿರಾಟ. ಐದೇ ನಿಮಿಷದಲ್ಲಿ ಅವರ ಬಾಯಿ ತೆರೆದುಕೊಂಡು, ನಾರಾಯಣಗೂಡದ ಸುತ್ತಮುತ್ತ ಕೇಳಿಸುವಂತೆ ಗೊರಕೆ ಶುರುವಾಯಿತು. ಅಧಿಕಾರಿಯ ಗೊರಕೆಗೆ ಮಕ್ಕಳು ಏಳದಿದ್ದಲ್ಲಿ ಅವರ ನಿದ್ದೆ ನಿಜವೆಂದು ಪ್ರಮಾಣೀಕರಿಸಲಾಗುವುದು.

೯. ಘಟನೆ: ಮೂವತ್ತೊಂದನೆಯ ಮಗು ಮಲಗಿರಲಿಲ್ಲ. ಅವನ ಹೆಸರು ಬಂಡೆಪ್ಪ, ವಯಸ್ಸು ಮೂರು ವರ್ಷ ಒಂಬತ್ತು ತಿಂಗಳು. ತಂದೆ ತಾಯಿ ಬೀದರ ಕಡೆಯವರು, ಕಟ್ಟಡದ ಕೆಲಸದವರು. ಬಂಡೆಪ್ಪ ಉಣ್ಣುವುದರಲ್ಲಿ ಭಾರಿ ನಿಧಾನ. ಎಲ್ಲರ ತಟ್ಟೆ ತೊಳೆದಿಟ್ಟರೂ ಅವನ ತಟ್ಟೆಯಲ್ಲಿ ಅರ್ಧ ಉಪ್ಪಿಟ್ಟು ಉಳಿದಿರುತ್ತದೆ. ಅದಕ್ಕಾಗಿ ಅಂಬವ್ವ ದಿನವೂ ಬೈಯುತ್ತಾರೆ, ಅವನು ದಿನವೂ ಕೇಳಿಸಿಕೊಳ್ಳುವುದಿಲ್ಲ.

ಎಲ್ಲರಿಗೂ ಬಡಿಸಿ ಈ ಒಬ್ಬ ದೊಡ್ಡ ಮನುಷ್ಯನಿಗೆ ಬಡಿಸದೆ ಬಿಟ್ಟದ್ದನ್ನು ಬಂಡೆಪ್ಪ ಗಮನಿಸಿದ್ದನು. ಈಗ ಆ ಮನುಷ್ಯ ಬಾಯಿ ತೆರೆದುಕೊಂಡು ಕೂತದ್ದನ್ನೂ ಗಮನಿಸಿದನು. ಎರಡನ್ನೂ ಕೂಡಿಸಿ ನೋಡಿದನು. ತಟ್ಟೆ ಎತ್ತಿಕೊಂಡು ಬಂದು, ಮೊಣಕಾಲೂರಿ, ತನ್ನ ಪಾಲಿನ ಉಪ್ಪಿಟ್ಟಿನಲ್ಲಿ ಒಂದು ಮುಷ್ಟಿಯನ್ನು ಆ ಬಾಯಿಗೆ ಇಟ್ಟು ಹೀಗೆಂದನು:

"ತಿನ್ನು ಮುತ್ಯಾ. ಅಳಬ್ಯಾಡ."

ಮುತ್ಯಾ ಎಂದರೆ ಅವನ ಊರ ಕಡೆ ಅಜ್ಜ. ರಾಯರು ಅರೆನಿದ್ದೆಯಲ್ಲಿ ಜಗಿದರು, ನುಂಗಿದರು, ಆಮೇಲೆ ಕಣ್ಣು ಬಿಟ್ಟರು. ಎದುರಿಗೆ ಎರಡನೆಯ ಮುಷ್ಟಿ ಸಿದ್ಧವಾಗಿತ್ತು.

೧೦. ಪ್ರಮಾಣಪತ್ರ: ಕಂಡವರು ಅಂಬವ್ವ ಒಬ್ಬರೇ. ಸಾಕ್ಷಿಯಾಗಿ ಅವರು ನೀಡಿದ ಹೇಳಿಕೆ: "ನಾ ಏನೂ ನೋಡಿಲ್ರೀ ಸಾಹೇಬ್ರ. ಹೊರಗ ಹೋಗಿ ಬಾಯಿ ತೊಳಕೊಂಡು ಬರ್ರಿ. ದೇವರಿಗೂ ಇಂಥವೆಲ್ಲಾ ಲೆಕ್ಕ ಇಡಾಕ ಪುರಸೊತ್ತಿಲ್ಲ."

ರಾಯರು ಬಾಯಿ ತೊಳೆಯಲು ಏಳಲಿಲ್ಲ. ನಮೂನೆಯನ್ನು ನೋಡಿದರು. ಈ ವರದಿಯ ಪ್ರತಿಯನ್ನು ಕಚೇರಿಯ ಫಲಕಕ್ಕೆ ಅಂಟಿಸುತ್ತಾರೆ. ಅದೇ ಕಚೇರಿಯಲ್ಲಿ ಅವರ ಸೋದರಮಾವನ ಮಗ ನರಸಿಂಹ ಗುಮಾಸ್ತ. ಫಲಕ ಓದುವುದರಲ್ಲಿ ನರಸಿಂಹನನ್ನು ಮೀರಿಸಿದವರಿಲ್ಲ. ಅವನು ಓದಿದ್ದು ಸಂಜೆಯೊಳಗೆ ನೆಂಟರಿಷ್ಟರ ಹದಿನಾಲ್ಕು ಮನೆಗೆ ಮುಟ್ಟುತ್ತದೆ, ಟಪಾಲಿನ ಖರ್ಚಿಲ್ಲದೆ. ಮೂರು ತಲೆಮಾರಿನ ಏಕಾದಶಿ ಪ್ರಹ್ಲಾದನ ಕಾಲಕ್ಕೆ, ಅದೂ ಪ್ರಥಮ ಏಕಾದಶಿಯ ದಿನ, ಅದೂ ಉಪ್ಪಿಟ್ಟಿನಿಂದ ಮುರಿಯಿತು ಎಂದಾಗುತ್ತದೆ. ಎಪ್ಪತ್ತೆಂಟು ವರ್ಷದ ತಾಯಿ ತುಳಸಾಬಾಯಿಯವರಿಗೆ ಏನೆಂದು ಹೇಳುವುದು? ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಸುಮ್ಮನಿದ್ದರೆ ಕಾಲಂ ಖಾಲಿ.

ಚಾಪೆಯ ಮೇಲೆ ಮೂವತ್ತು ಮಕ್ಕಳು ಅಡ್ಡಾದಿಡ್ಡಿ ಮಲಗಿದ್ದರು. ಒಂದು ಕಾಲು ರಾಯರ ಧೋತರದ ಮೇಲೆಯೇ ಇತ್ತು. ಅಂಗೈಯಷ್ಟು ಪಾದ. ಆ ಪಾದ ಬಸ್ಸಿನ ರಸ್ತೆಯ ಅಂಚಿನಲ್ಲಿ ನಿಂತದ್ದನ್ನು ಅವರು ಊಹಿಸಿಕೊಂಡರು. ಪೆನ್ನು ತೆಗೆದು ಇಪ್ಪತ್ತೇಳನೆಯ ಕಾಲಂನಲ್ಲಿ ಹೀಗೆ ಬರೆದರು:

"ದಿನಾಂಕ ೧೭-೭-೮೬, ಆಷಾಢ ಶುದ್ಧ ಏಕಾದಶಿ, ಮಧ್ಯಾಹ್ನ ಹನ್ನೆರಡೂಕಾಲಕ್ಕೆ ನಾನು ಸ್ವತಃ ಉಪ್ಪಿಟ್ಟು ತಿಂದಿದ್ದೇನೆ. ಉಪ್ಪು ಸರಿಯಾಗಿದೆ. ಪ್ರಹ್ಲಾದರಾವ್."

ಸಹಿ ಮಾಡುವಾಗ ಅವರ ಕಣ್ಣಲ್ಲಿ ನೀರಿತ್ತು. ಅದಕ್ಕೆ ಒಗ್ಗರಣೆಯ ಹಸಿಮೆಣಸಿನಕಾಯಿ ಕಾರಣವೆಂದು ಷರಾ ಬರೆಯಲಾಗಿದೆ. ವರದಿಯ ಮೇಲಿನ ಎಣ್ಣೆಯ ಕಲೆಯು ಬಂಡೆಪ್ಪನ ಎರಡನೆಯ ಮುಷ್ಟಿಯದು. ರಾಯರು ಅದನ್ನು ಕೈಯಲ್ಲಿ ಈಸಿಕೊಂಡು, ಬೇಡವೆನ್ನಲಾರದೆ, ತಿಂದಿರುತ್ತಾರೆ.

೧೧. ಮೇಲ್ಮನವಿ: ಅಂದು ಸಂಜೆ ರಾಯರು ವರದಿಯು ನರಸಿಂಹನ ಕಣ್ಣಿಗೆ ಬೀಳುವ ಮುಂಚೆಯೇ ಮನೆಯಲ್ಲಿ ತಿಳಿಸುವ ಉದ್ದೇಶದಿಂದ, ಸೇವೆಯಲ್ಲಿ ಮೊದಲ ಬಾರಿಗೆ, ಆಟೋ ಹಿಡಿದರು. ತುಳಸಾಬಾಯಿಯವರು ತುಳಸಿಕಟ್ಟೆಯ ಮುಂದೆ ಬತ್ತಿ ಹೊಸೆಯುತ್ತಿದ್ದರು. ರಾಯರು ಚಪ್ಪಲಿಯನ್ನೂ ಬಿಡದೆ ನಿಂತು ತಪ್ಪೊಪ್ಪಿಕೊಂಡರು. ತಿಂದದ್ದು ಎಷ್ಟು ಎಂಬ ಪ್ರಶ್ನೆಗೆ ಎರಡು ಮುಷ್ಟಿ ಎಂದೂ, ಯಾರ ಮುಷ್ಟಿ ಎಂಬ ಪ್ರಶ್ನೆಗೆ ಚಿಕ್ಕದು ಎಂದೂ ಉತ್ತರಿಸಿದರು. ತುಳಸಾಬಾಯಿಯವರು ಬತ್ತಿ ಹೊಸೆದು ಮುಗಿಸಿದರು. ಆಮೇಲೆ ಕೊಟ್ಟ ಅಭಿಪ್ರಾಯ ಹೀಗಿದೆ:

"ಆ ಕೂಸಿಗೆ ಏಕಾದಶಿ ಅಂದ್ರ ಏನ್ ಗೊತ್ತಪಾ? ನೀ ಹಸದೀ ಅಂತ ಗೊತ್ತಾತು, ತನ್ನ ತಟ್ಟ್ಯಾಗಿಂದು ಕೊಡ್ತು. ನಾ ಅರವತ್ತು ವರ್ಷ ಉಪಾಸ ಮಾಡೀನಿ ಪ್ರಲ್ಹಾದ, ನಮ್ಮ ಮನ್ಯಾಗ ಯಾರಿಗೂ ಇಷ್ಟು ಪುಣ್ಯ ಬಂದದ್ದು ನಾ ನೋಡಿಲ್ಲ. ನಡಿ, ಕಾಲು ತೊಳಕೋ. ಹಂಗಂತ ರಾತ್ರಿಗೆ ಅನ್ನ ಕೇಳಬ್ಯಾಡ ಮತ್ತ."

ಮೇಲ್ಮನವಿಯನ್ನು ಹೀಗೆ ಇತ್ಯರ್ಥಪಡಿಸಲಾಗಿದೆ. ನರಸಿಂಹ ಮರುದಿನ ಮನೆಗೆ ಬಂದಾಗ ತುಳಸಾಬಾಯಿಯವರೇ ಸುದ್ದಿಯನ್ನು ಮೊದಲು ಹೇಳಿಬಿಟ್ಟಿದ್ದರಿಂದ ಅವನು ಚಹಾ ಮಾತ್ರ ಕುಡಿದು ಹೋದನು.

೧೨. ಅಂತಿಮ ಆದೇಶ: ಟಾಂಗಾ ಗಲ್ಲಿ ಬಾಲವಾಡಿಗೆ ಎಪ್ಪತ್ತೈದು ಅಂಕ ದೊರೆತು, ಬಾಲವಾಡಿಯು ಇದ್ದಲ್ಲಿಯೇ ಮುಂದುವರಿಯುತ್ತದೆ. ರಸ್ತೆಯ ಅಗಲದ ಬಗ್ಗೆ ಇಲಾಖೆಯ ನಕ್ಷೆಯನ್ನು ತಿದ್ದಲಾಗುತ್ತಿದೆ. ನಮೂನೆ ಗು-೯ರ ಉಳಿದ ನಲವತ್ತು ಕಾಲಂಗಳ ಬಗ್ಗೆ ರಾಯರು ತಾವೇ ಬರೆದು, ತಾವೇ ಹೊಡೆದು, ಮೂರು ದಿನ ತಮ್ಮೊಂದಿಗೆ ತಾವೇ ವಾದಿಸಿ, ಕೊನೆಗೆ ಒಪ್ಪಿದ ಪ್ರಕಾರ ಈ ಮೂಲಕ ಸಕಲರಿಗೂ ತಿಳಿಯಪಡಿಸುವುದೇನೆಂದರೆ: ಯಾವ ಕೋಣೆಯಲ್ಲಿ ಎದುರಿಗಿದ್ದವರು ಹಸಿದಿದ್ದಾರೆಂಬುದು ನಾಲ್ಕು ವರ್ಷ ತುಂಬದ ಮಗುವಿನ ಕಣ್ಣಿಗೆ ಬೀಳುತ್ತದೆಯೋ, ಕಣ್ಣಿಗೆ ಬಿದ್ದ ಮೇಲೆ ಯಾರನ್ನೂ ಕೇಳದೆ ಆ ಮಗು ತನ್ನ ತಟ್ಟೆಯಿಂದ ಕೊಡುತ್ತದೆಯೋ, ಆ ಕೋಣೆಯ ಗುಣಮಟ್ಟವನ್ನು ಅಳೆಯುವ ಅಗತ್ಯವಿಲ್ಲ. ಅಂಥಲ್ಲಿ ಅಧಿಕಾರಿಯು ನಮೂನೆಯನ್ನು ಮಡಚಿ, ಕೈ ತೊಳೆದು, ಪಂಕ್ತಿಯಲ್ಲಿ ಕೂಡತಕ್ಕದ್ದು.

ಇದು ತಕ್ಷಣದಿಂದ ಜಾರಿಗೆ ಬರುತ್ತದೆ. ಬಂಡೆಪ್ಪನ ಮಟ್ಟಿಗೆ ಆಗಲೇ ಜಾರಿಯಲ್ಲಿದೆ.

(ಸಹಿ)
ಪ್ರಹ್ಲಾದರಾವ್
ಅಧೀಕ್ಷಕರು, ಕನ್ನಡ ವಿಭಾಗ
(ವಿಭಾಗದ ಒಟ್ಟು ಸಿಬ್ಬಂದಿ: ಒಬ್ಬರು)

ಪ್ರತಿಗಳು:
೧. ಜಂಟಿ ನಿರ್ದೇಶಕರಿಗೆ, ಮಾಹಿತಿಗಾಗಿ. ಅವರಿಗೆ ಕನ್ನಡ ಬಾರದ ಕಾರಣ ಸಹಿಗಾಗಿ ಕಾದಿರುವುದಿಲ್ಲ.
೨. ಎಲ್ಲ ಕನ್ನಡ ಬಾಲವಾಡಿಗಳಿಗೆ, ಆನೆಯ ಪಟ ಕೆಳಗಿಳಿಸಲು.
೩. ಲೆಕ್ಕ ತನಿಖೆಯವರಿಗೆ, ಬೊಂಬೆಯ ತಲೆ ಎರಡು, ಅಂಚೆ ಮೂಲಕ.
೪. ಶ್ರೀಮತಿ ಸುಹಾಸಿನಿ, ಶಿಕ್ಷಕಿ, ಇವರಿಗೆ. ಜೊತೆಗೆ ಕರವಸ್ತ್ರ ಇಪ್ಪತ್ತೊಂಬತ್ತು.
೫. ಶ್ರೀಮತಿ ಅಂಬವ್ವ, ಆಯಾ, ಇವರಿಗೆ. ತಾವು ಏನೂ ನೋಡಿಲ್ಲವೆಂಬ ಹೇಳಿಕೆಯನ್ನು ಕೃತಜ್ಞತೆಯೊಂದಿಗೆ ತಿರಸ್ಕರಿಸಲಾಗಿದೆ.
೬. ಕಚೇರಿ ಫಲಕಕ್ಕೆ, ಹಾಗೂ ಫಲಕ ತಪ್ಪಿದಲ್ಲಿ ಶ್ರೀ ನರಸಿಂಹ, ಗುಮಾಸ್ತ, ಇವರಿಗೆ.
೭. ಶ್ರೀಮತಿ ತುಳಸಾಬಾಯಿಯವರಿಗೆ, ಓದಿ ಹೇಳಲು ಅಧೀಕ್ಷಕರು ಖುದ್ದಾಗಿ ಬರುವರು.
೮. ಚಿರಂಜೀವಿ ಬಂಡೆಪ್ಪನಿಗೆ, ಓದು ಬಂದ ಮೇಲೆ ಓದಿಕೊಳ್ಳಲು. ಮುಂದಿನ ತಪಾಸಣೆ ಏಕಾದಶಿಯಲ್ಲದ ದಿನ ನಡೆಯುವುದು. ಮುತ್ಯಾ ಅಂದೂ ಹಸಿದುಕೊಂಡೇ ಬರುವರು.